ಟಾಹೋ ಹಿಮಕ್ಕೆ ಚೈನೋ, ಕೇಬಲ್ಲೋ, ಸಾಕ್ಸೋ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಕಾರು ಟೊಯೋಟಾ ಕ್ಯಾಮ್ರಿ ಹೈಬ್ರಿಡ್, ಫ್ರಂಟ್ ವೀಲ್ ಡ್ರೈವ್. ಟೈರ್ ಕಾರಿನ ಜೊತೆ ಬಂದ ಆಲ್-ಸೀಸನ್. ಡಿಸೆಂಬರ್ ಕೊನೆಗೆ ಶೃಂಗೇರಿಯಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅವರಿಗೆ ಹಿಮ ತೋರಿಸಲು ಲೇಕ್ ಟಾಹೋಗೆ ಕರೆದುಕೊಂಡು ಹೋಗಬೇಕು. ಒಬ್ಬ ಗೆಳೆಯ ಚೈನ್ ತಗೋ ಅಂತಾನೆ. ಇನ್ನೊಬ್ಬ, ಸುಮ್ನೆ ಒಂದು ಎಡಬ್ಲ್ಯೂಡಿ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ) ಗಾಡಿ ಬಾಡಿಗೆಗೆ ತಗೊಂಡ್ರೆ ಏನೂ ಬೇಡ ಅಂತಾನೆ. ಆನ್‌ಲೈನ್‌ನಲ್ಲಿ ಟೈರಿಗೆ ಹಾಕುವ ಬಟ್ಟೆ ಸಾಕ್ಸ್ ನೋಡಿದೆ, ಸುಲಭ ಅನ್ನಿಸಿತು. ಅಪ್ಪ ಮಾತ್ರ ಫೋನಿನಲ್ಲಿ ನಕ್ಕು, "ಮಳೆಗಾಲದಲ್ಲಿ ನಮ್ಮ ಕಡೆ ಜೀಪಿಗೆ ಚೈನ್ ಕಟ್ಟಲ್ವಾ, ಅದೇ ತಾನೇ?" ಅಂದರು. ಯಾವುದನ್ನು ಕೊಳ್ಳಲಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಕಾರಿನ ಮ್ಯಾನ್ಯುಯಲ್ ಒಪ್ಪಿದರೆ, ಟೈರಿನ ಅಳತೆಗೆ ಸರಿಯಾದ, ಕ್ಲಾಸ್ ಎಸ್ (ಚಕ್ರದ ಸುತ್ತ ಕಮ್ಮಿ ಜಾಗ ಇರುವ ಕಾರಿನದು) ಗುರುತಿನ ತೆಳು ಕೇಬಲ್ ಚೈನ್ ಒಂದು ಜೊತೆ ತಗೊಳ್ಳಿ. ಮುಂದಿನ ಸಲ ಟೈರ್ ಬದಲಿಸುವಾಗ ಆಲ್-ಸೀಸನ್ ಬಿಟ್ಟು, ಪಕ್ಕದ ಗೋಡೆಯ ಮೇಲೆ ಬೆಟ್ಟದೊಳಗೆ ಹಿಮಹರಳಿನ ಚಿತ್ರ ಇರುವ ಆಲ್-ವೆದರ್ ಟೈರ್ ಹಾಕಿಸಿ. ಮ್ಯಾನ್ಯುಯಲ್ ಚೈನ್ ಬೇಡ ಅಂದರೆ ಮಾತ್ರ ಬಟ್ಟೆ ಸಾಕ್ಸ್. ಅಷ್ಟೇ ಬೇಕಿದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ಇಬ್ಬರು ಗೆಳೆಯರೂ ಅಪ್ಪನೂ ಬೇರೆ ಬೇರೆ ಮಾತು ಹೇಳಿದ್ದಾರಲ್ಲ, ಅದಕ್ಕೆ ಸ್ವಲ್ಪ ವಿವರ ಬೇಕು.

ಅಪ್ಪನ ಮಾತಿನಿಂದಲೇ ಶುರು ಮಾಡೋಣ. ಅವರು ಹೇಳಿದ್ದು ಅರ್ಧ ಸರಿ. ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಒಳದಾರಿಗಳಲ್ಲಿ ಜೀಪಿನ ಚಕ್ರಕ್ಕೆ ಚೈನ್ ಬಿಗಿದೇ ಓಡಿಸುತ್ತಾರೆ. ಟೈರಿನ ಗೀರುಗಳಲ್ಲಿ ಕೆಸರು ತುಂಬಿ ಟೈರ್ ನುಣ್ಣಗಾದ ಮೇಲೆ, ಆ ಕಬ್ಬಿಣದ ಕೊಂಡಿಗಳೇ ನೆಲವನ್ನು ಕಚ್ಚಿ ಗಾಡಿಯನ್ನು ಮೇಲೆ ಎಳೆಯುತ್ತವೆ. ಹಿಮದ ಚೈನಿನ ಕೆಲಸವೂ ಅದೇ. ಆದರೆ ಜೀಪಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸುವಷ್ಟು ಜಾಗ ಇರುತ್ತದೆ, ನಿಮ್ಮ ಕ್ಯಾಮ್ರಿಯಲ್ಲಿ ಎರಡು ಬೆರಳು ತೂರಿದರೆ ಹೆಚ್ಚು. ಕೆಸರಿನಲ್ಲಿ ಜೀಪು ಸಿಕ್ಕಿಕೊಂಡು ನಿಲ್ಲುತ್ತದೆ, ಐಸ್ ಮೇಲೆ ಕಾರು ನಿಲ್ಲುವುದೇ ಇಲ್ಲ. ಈ ಎರಡನೆಯದು ಮುಖ್ಯ.

ಹಿಮದಲ್ಲಿ ಹೊರಡುವುದು ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಚ್ಚು ಅಪಾಯ ಇರುವುದು ನಿಲ್ಲುವುದರಲ್ಲಿ. ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಒಣ ಡಾಂಬರಿನ ಮೇಲೆ ಬ್ರೇಕ್ ಹಿಡಿದ ಮೇಲೆ ಕಾರು ಸುಮಾರು 8 ಮೀಟರ್ ಹೋಗಿ ನಿಲ್ಲುತ್ತದೆ. ಗಾಡಿಗಳು ತುಳಿದು ಗಟ್ಟಿಯಾದ ಹಿಮದ ಮೇಲೆ 25 ಮೀಟರ್. ಐಸ್ ಮೇಲೆ 60 ಮೀಟರ್ ದಾಟುತ್ತದೆ. ಇದು ಹಿಡಿತದ ಗುಣಾಂಕವನ್ನು 0.8, 0.25, 0.1 ಎಂದು ಹಿಡಿದ ಸರಳ ಲೆಕ್ಕ, ಕಾಲು ಬ್ರೇಕಿಗೆ ಹೋಗುವ ಸಮಯ ಸೇರಿಸಿಲ್ಲ. ಈಗ ಅದೇ ರಸ್ತೆಗೆ 6% ಇಳಿಜಾರು ಕೊಡಿ. ಹಿಮದ ಮೇಲೆ 33 ಮೀಟರ್ ಆಗುತ್ತದೆ. ಐಸ್ ಮೇಲೆ 150 ಮೀಟರೂ ಸಾಲದು. ಹಿಡಿತ ಎಷ್ಟು ಕಡಿಮೆಯೋ ಇಳಿಜಾರು ಅಷ್ಟು ಜಾಸ್ತಿ ಕಾಡುತ್ತದೆ.

ಇನ್ನು ಎಡಬ್ಲ್ಯೂಡಿ ಗೆಳೆಯ. ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋದರೆ ಏರು ಹತ್ತುವುದು ಸುಲಭ, ನಿಂತಲ್ಲಿಂದ ಹೊರಡುವುದು ಸುಲಭ. ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ನಿಲ್ಲುವ ವಿಷಯ ಬಂದಾಗ ಎಡಬ್ಲ್ಯೂಡಿ ಕಾರಿಗೂ ನಿಮ್ಮ ಕ್ಯಾಮ್ರಿಗೂ ವ್ಯತ್ಯಾಸ ತರುವುದು ಟೈರ್ ಮಾತ್ರ. ಎಡಬ್ಲ್ಯೂಡಿಯ ಇನ್ನೊಂದು ತೊಂದರೆ ಅಂದರೆ, ಅದು ಆರಾಮಾಗಿ ಹೊರಡುತ್ತದೆ. ರಸ್ತೆ ಎಷ್ಟು ಜಾರುತ್ತಿದೆ ಅಂತ ಡ್ರೈವರಿಗೆ ಗೊತ್ತಾಗುವುದು ಮೊದಲ ಸಲ ಬ್ರೇಕ್ ಒತ್ತಿದಾಗಲೇ. ಫ್ರಂಟ್ ವೀಲ್ ಕಾರು ಹೊರಡುವಾಗಲೇ ಗಿರ್ರಂತ ಚಕ್ರ ಸುತ್ತಿ ಎಚ್ಚರಿಸಿಬಿಡುತ್ತದೆ.

ಈಗ ಟಾಹೋ ದಾರಿಯ ನಿಯಮಕ್ಕೆ ಬರೋಣ, ಯಾಕೆಂದರೆ ಏನು ಕೊಳ್ಳಬೇಕು ಅನ್ನುವುದನ್ನು ಅರ್ಧ ತೀರ್ಮಾನ ಮಾಡುವುದೇ ಅದು. ಬೇ ಏರಿಯಾದಿಂದ ಹೋಗುವವರಿಗೆ ಎರಡು ದೊಡ್ಡ ದಾರಿ. ಐ-80 ಹೆದ್ದಾರಿ ಡಾನರ್ ಸಮ್ಮಿಟ್ ದಾಟಿ ಟ್ರಕ್ಕಿ ಅನ್ನುವ ಊರಿಗೆ ಇಳಿಯುತ್ತದೆ. ಹೈವೇ 50 ಎಕೋ ಸಮ್ಮಿಟ್ ದಾಟಿ ಸೌತ್ ಲೇಕ್ ಟಾಹೋಗೆ ಇಳಿಯುತ್ತದೆ. ಎರಡೂ 7,000 ಅಡಿಗಿಂತ ಮೇಲೆ ಹೋಗುತ್ತವೆ. ಹಿಮ ಬಿದ್ದಾಗ ರಾಜ್ಯದ ಹೆದ್ದಾರಿ ಇಲಾಖೆ ಕ್ಯಾಲ್‌ಟ್ರಾನ್ಸ್‌ನವರು ಚೈನ್ ಕಂಟ್ರೋಲ್ ಹಾಕುತ್ತಾರೆ. ಅದರಲ್ಲಿ ಮೂರು ಹಂತ.

ಆರ್-1 ಅಂದರೆ ಎಂಜಿನ್ ಬಲ ಹೋಗುವ ಚಕ್ರಗಳಿಗೆ ಚೈನ್ ಅಥವಾ ಬೇರೆ ಹಿಡಿತದ ಸಾಧನ ಇರಬೇಕು, ಇಲ್ಲವೇ ಸ್ನೋ ಟೈರ್ ಇರಬೇಕು. ಎಡಬ್ಲ್ಯೂಡಿ ಗಾಡಿಗೆ ವಿನಾಯಿತಿ. ಆರ್-2 ಅಂದರೆ ನಾಲ್ಕೂ ಚಕ್ರಕ್ಕೆ ಬಲ ಇದ್ದು ನಾಲ್ಕಕ್ಕೂ ಸ್ನೋ ಟೈರ್ ಇದ್ದರೆ ಮಾತ್ರ ವಿನಾಯಿತಿ, ಉಳಿದವರೆಲ್ಲ ಚೈನ್ ಹಾಕಲೇಬೇಕು. ಆರ್-3 ಅಂದರೆ ಯಾರಿಗೂ ವಿನಾಯಿತಿ ಇಲ್ಲ. ನೀವು ನೋಡುವುದು ಸಾಮಾನ್ಯವಾಗಿ ಮೊದಲ ಎರಡನ್ನೇ. ಆರ್-3 ಹಾಕುವಂಥ ಪರಿಸ್ಥಿತಿ ಬಂದರೆ ರಸ್ತೆಯನ್ನೇ ಮುಚ್ಚಿಬಿಡುವುದು ಹೆಚ್ಚು. ವಿನಾಯಿತಿ ಸಿಕ್ಕ ಎಡಬ್ಲ್ಯೂಡಿಯವರೂ ಕಂಟ್ರೋಲ್ ಇರುವ ಕಡೆ ಚೈನನ್ನು ಗಾಡಿಯಲ್ಲಿ ಇಟ್ಟುಕೊಂಡಿರಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಇದರ ಅರ್ಥ ಏನು? ನಿಮ್ಮದು ಫ್ರಂಟ್ ವೀಲ್ ಡ್ರೈವ್. ಎಷ್ಟೇ ಒಳ್ಳೆಯ ವಿಂಟರ್ ಟೈರ್ ಹಾಕಿಸಿದರೂ ಆರ್-2 ಬಂದ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಚೈನ್ ಹಾಕಬೇಕು. ಹಾಗಾಗಿ ಟೈರೋ ಚೈನೋ ಅನ್ನುವ ಆಯ್ಕೆ ನಿಮಗಿಲ್ಲ. ಚೈನ್ ಇರಲೇಬೇಕು. ಟೈರ್ ಒಳ್ಳೆಯದಿದ್ದರೆ ಜೀವಕ್ಕೆ ಒಳ್ಳೆಯದು.

ಹಾಗಂತ ಟೈರಿನ ಮಾತು ಬಿಡುವ ಹಾಗಿಲ್ಲ. ನನ್ನ ಅಭಿಪ್ರಾಯದಲ್ಲಿ ದುಡ್ಡು ಎಲ್ಲಿ ಹಾಕಬೇಕು ಅಂದರೆ ಮೊದಲು ಅಲ್ಲೇ. ಇವತ್ತು ಸಂಜೆ ಕೆಳಗೆ ಹೋಗಿ ಟೈರಿನ ಪಕ್ಕದ ಗೋಡೆ ಓದಿ. 215/55ಆರ್17 ಅಂತಲೋ 235/45ಆರ್18 ಅಂತಲೋ ಅಳತೆ ಕಾಣುತ್ತದೆ. ಅದನ್ನು ಫೋಟೋ ತೆಗೆದಿಟ್ಟುಕೊಳ್ಳಿ, ಚೈನ್ ಕೊಳ್ಳುವಾಗ ಬೇಕು. ಹತ್ತಿರದಲ್ಲೇ ಎಂ+ಎಸ್ ಅಂತ ಅಚ್ಚಾಗಿರುತ್ತದೆ. ಮಡ್ ಅಂಡ್ ಸ್ನೋ ಅಂತ ಅದರ ಅರ್ಥ. ಕ್ಯಾಲಿಫೋರ್ನಿಯಾದಲ್ಲಿ ಆ ಎರಡು ಅಕ್ಷರ ಇದ್ದು, ಗೀರಿನ ಆಳ ಒಂದು ಇಂಚಿನ 32ರಲ್ಲಿ 6 ಭಾಗ, ಅಂದರೆ ಸುಮಾರು 4.8 ಮಿಲಿಮೀಟರ್ ಇದ್ದರೆ ಅದನ್ನು ಸ್ನೋ ಟೈರ್ ಅಂತ ಒಪ್ಪುತ್ತಾರೆ. ಆಳ ಅಳೆಯುವ ಪುಟ್ಟ ಗೇಜ್ ಆಟೋ ಅಂಗಡಿಗಳಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ.

ಆದರೆ ಎಂ+ಎಸ್ ಅನ್ನುವುದು ಗೀರಿನ ಆಕಾರ ನೋಡಿ ಕಂಪನಿಯೇ ಹಾಕಿಕೊಳ್ಳುವ ಗುರುತು. ಹಿಮದಲ್ಲಿ ಓಡಿಸಿ ಪರೀಕ್ಷೆ ಮಾಡಿದ್ದೇನೂ ಅಲ್ಲ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮಹರಳು ಇರುವ ಚಿತ್ರ ಕಂಡರೆ ಮಾತ್ರ ಆ ಟೈರನ್ನು ಹಿಮದ ಮೇಲೆ ಪರೀಕ್ಷೆ ಮಾಡಿದ್ದಾರೆ ಅಂತ. ಗಟ್ಟಿ ಹಿಮದಲ್ಲಿ ಎಳೆಯುವ ಶಕ್ತಿ ಒಂದು ಮಾದರಿ ಟೈರಿಗಿಂತ ಕನಿಷ್ಠ 10% ಹೆಚ್ಚಿರಬೇಕು ಅನ್ನುವುದು ಆ ಗುರುತಿನ ಮೂಲ ನಿಯಮ. ಇಲ್ಲೂ ಒಂದು ಕೊಕ್ಕೆ ಇದೆ. ಆ ಪರೀಕ್ಷೆಯಲ್ಲಿ ನೋಡುವುದು ಎಳೆತವನ್ನು ಮಾತ್ರ. ಐಸ್ ಮೇಲೆ ಬ್ರೇಕ್ ಹೇಗೆ ಹಿಡಿಯುತ್ತದೆ ಅಂತ ಅದು ಹೇಳುವುದಿಲ್ಲ.

ರಬ್ಬರಿನ ಗುಣವೇ ಹಾಗೆ, ಚಳಿಗೆ ಬಿರುಸಾಗುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಾಮಾನ್ಯ ಟೈರ್ ಹಿಡಿತ ಕಳೆದುಕೊಳ್ಳುತ್ತಾ ಹೋಗುತ್ತದೆ. ವಿಂಟರ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗೆ ಉಳಿಯುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸಣ್ಣ ಸೀಳುಗಳು ಇರುತ್ತವೆ. ಅವು ಹಿಮವನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತವೆ. ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ, ರಬ್ಬರಿಗಿಂತ ಚೆನ್ನಾಗಿ. ಹಾಗಾದರೆ ಪೂರಾ ವಿಂಟರ್ ಟೈರನ್ನೇ ಹಾಕಿಸೋಣವಾ ಅಂತ ಕೇಳಬಹುದು. ಫ್ರೀಮಾಂಟ್‌ನಲ್ಲಿ ಇರುವವರಿಗೆ ನಾನು ಬೇಡ ಅನ್ನುತ್ತೇನೆ. ವರ್ಷಕ್ಕೆ ಒಂದೆರಡು ಸಲ ಟಾಹೋ, ಉಳಿದ ದಿನವೆಲ್ಲ ಬೆಚ್ಚನೆಯ 880 ಹೆದ್ದಾರಿ. ಮೆತ್ತನೆಯ ರಬ್ಬರ್ ಬೇಗ ಸವೆಯುತ್ತದೆ. ಅದಕ್ಕೇ ಹಿಮಹರಳಿನ ಗುರುತಿರುವ ಆಲ್-ವೆದರ್ ಟೈರ್ ನಿಮಗೆ ಸರಿ. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ಅಂಥದ್ದು, ಬೇರೆ ಕಂಪನಿಗಳದ್ದೂ ಇವೆ. ಹೆಸರು ಆಲ್-ಸೀಸನ್‌ಗೆ ಹತ್ತಿರ ಇದೆ ಅಂತ ಗೊಂದಲ ಬೇಡ, ಚಿತ್ರ ಇದೆಯಾ ನೋಡಿ. ಟ್ರಕ್ಕಿಯಲ್ಲೋ ರೀನೋದಲ್ಲೋ ಮನೆ ಮಾಡಿದವರ ಲೆಕ್ಕ ಬೇರೆ. ಅವರಿಗೆ ವಿಂಟರ್ ಟೈರೇ ಬೇಕು, ನಾಲ್ಕೂ ಚಕ್ರಕ್ಕೆ. ಲೋಹದ ಮುಳ್ಳು ಕೂರಿಸಿದ ಟೈರ್ ಹಾಕುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಮಾತ್ರ ಅದಕ್ಕೆ ಅವಕಾಶ. ನಿಮಗೆ ಆ ತಲೆನೋವು ಬೇಡ.

ಚೈನಿಗೆ ಬರೋಣ. ಅಂಗಡಿಗೆ ಹೋಗುವ ಮೊದಲು ಗ್ಲೋವ್ ಬಾಕ್ಸಿನಲ್ಲಿರುವ ಮ್ಯಾನ್ಯುಯಲ್ ತೆಗೆದು ಟೈರ್ ಚೈನ್ ಪುಟ ಹುಡುಕಿ. ಇದನ್ನು ಹತ್ತು ಜನರಲ್ಲಿ ಒಬ್ಬರೂ ಮಾಡುವುದಿಲ್ಲ ಅಂತ ನನ್ನ ಅನುಮಾನ. ಒಂದೇ ಮಾಡೆಲ್ಲಿನ ಕಾರಿನಲ್ಲೂ, ಚಿಕ್ಕ ರಿಮ್ ಇರುವುದಕ್ಕೆ ಚೈನ್ ಹಾಕಬಹುದು ಅಂತ ಬರೆದು, ದೊಡ್ಡ ರಿಮ್ ಇರುವುದಕ್ಕೆ ಹಾಕಲೇಬೇಡಿ ಅಂತ ಬರೆದಿರುವುದುಂಟು. ಕಾರಣ ಜಾಗ. ರಿಮ್ ದೊಡ್ಡದಾಗಿ ಟೈರ್ ಅಗಲವಾದ ಹಾಗೆ, ಒಳಗಡೆ ಸಸ್ಪೆನ್ಷನ್ ಸ್ಟ್ರಟ್ಟಿಗೂ ಬ್ರೇಕ್ ಪೈಪಿಗೂ ಟೈರಿಗೂ ನಡುವಿನ ಸಂದು ಕಿರಿದಾಗುತ್ತದೆ. ಚೈನ್ ಅಲ್ಲಿ ತಾಗಿದರೆ ಬ್ರೇಕ್ ಪೈಪ್ ಕತ್ತರಿಸಿ ಹೋಗಬಹುದು. ಯಾವ ಚಕ್ರಕ್ಕೆ ಹಾಕಬೇಕು ಅನ್ನುವುದೂ ಅಲ್ಲೇ ಇರುತ್ತದೆ. ಫ್ರಂಟ್ ವೀಲ್ ಡ್ರೈವ್ ಆದ್ದರಿಂದ ನಿಮ್ಮದಕ್ಕೆ ಮುಂದಿನ ಎರಡು. ಎಡಬ್ಲ್ಯೂಡಿ ಕಾರುಗಳಲ್ಲಿ ಕಂಪನಿ ಹೇಳಿದ ಹಾಗೆ, ಊಹೆ ಬೇಡ. ಟೆಸ್ಲಾ ಮಾಡೆಲ್ 3 ಮತ್ತು ಮಾಡೆಲ್ ವೈ ಮ್ಯಾನ್ಯುಯಲ್‌ಗಳು ಹಿಂದಿನ ಚಕ್ರ ಅನ್ನುತ್ತವೆ.

ಈ ಸಂದಿನ ಲೆಕ್ಕಕ್ಕೇ ಕ್ಲಾಸ್ ಅಂತ ಮಾಡಿದ್ದಾರೆ. ಕ್ಲಾಸ್ ಎಸ್ ಅಂದರೆ ತೀರಾ ಕಮ್ಮಿ ಜಾಗ ಇರುವ ಕಾರಿಗೆ: ಟೈರಿನ ಮೇಲ್ಮೈಯಿಂದ ಸುಮಾರು 37 ಮಿಲಿಮೀಟರ್, ಪಕ್ಕದ ಗೋಡೆಯಿಂದ 15 ಮಿಲಿಮೀಟರ್ ಸಂದು ಇದ್ದರೆ ಸಾಕು. ಕ್ಲಾಸ್ ಯುಗೆ 50 ಮತ್ತು 23. ಕ್ಲಾಸ್ ಡಬ್ಲ್ಯೂಗೆ 63 ಮತ್ತು 38, ಅದು ಟ್ರಕ್ಕು, ದೊಡ್ಡ ಎಸ್‌ಯುವಿಗಳದ್ದು. ಈಗಿನ ಬಹುಪಾಲು ಸೆಡಾನ್‌ಗಳಿಗೆ ಕ್ಲಾಸ್ ಎಸ್ ಮಾತ್ರ ಹೊಂದುತ್ತದೆ. ಡಬ್ಬಿಯ ಮೇಲೆ ಈ ಅಕ್ಷರ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ. ಅಳತೆಯ ವಿಷಯದಲ್ಲಿ ಚೈನ್ ಬಳೆ ಇದ್ದ ಹಾಗೆ. ಚಿಕ್ಕದಾದರೆ ಏರುವುದಿಲ್ಲ, ದೊಡ್ಡದಾದರೆ ನಿಲ್ಲುವುದಿಲ್ಲ. ಹೆಚ್ಚು ಕಮ್ಮಿ ಹೊಂದುತ್ತೆ ಸರ್ ಅನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ. ಟೈರಿನ ಅಳತೆ ಡಬ್ಬಿಯ ಪಟ್ಟಿಯಲ್ಲಿ ಇರಲೇಬೇಕು.

ಕ್ಲಾಸ್ ಎಸ್ ಒಳಗೆ ಎರಡು ಜಾತಿ. ಒಂದು ಕೇಬಲ್: ಉಕ್ಕಿನ ಹಗ್ಗ, ಅದರ ಮೇಲೆ ಮಣಿ ಪೋಣಿಸಿದಂತೆ ಸಣ್ಣ ಉಕ್ಕಿನ ಸುರುಳಿಗಳು. ಇನ್ನೊಂದು ತೆಳು ಕೊಂಡಿಯ ನಿಜವಾದ ಚೈನ್, ಟೈರಿನ ಮೇಲೆ ವಜ್ರಾಕಾರದ ಬಲೆ ಹಾಗೆ ಕೂರುವಂಥದ್ದು. ಹಿಡಿತದಲ್ಲಿ ವಜ್ರಾಕಾರದ ಚೈನ್ ಮೇಲು. ಅದರಲ್ಲೂ ಐಸ್ ಮೇಲೆ, ತಿರುವಿನಲ್ಲಿ ಪಕ್ಕಕ್ಕೆ ಜಾರದಂತೆ ತಡೆಯುವುದರಲ್ಲಿ ಮೇಲು. ಯಾಕೆಂದರೆ ಯಾವ ಕ್ಷಣದಲ್ಲೂ ಯಾವುದೋ ಒಂದು ಕೊಂಡಿ ನೆಲಕ್ಕೆ ತಾಗಿಯೇ ಇರುತ್ತದೆ. ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಹೋಗುವ ಕೇಬಲ್‌ನಲ್ಲಿ ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಬರೀ ರಬ್ಬರ್. ಆದರೆ ಕೇಬಲ್ ಅಗ್ಗ, ಹಗುರ, ತೆಳು. ಓರೆಯಾಗಿ ಅಡ್ಡ ಹೋಗುವ ಕೇಬಲ್ಲುಗಳೂ ಬರುತ್ತವೆ, ಸಿಕ್ಕರೆ ಅದನ್ನೇ ತಗೊಳ್ಳಿ, ಓಟ ಮೆತ್ತಗಿರುತ್ತದೆ. ವರ್ಷಕ್ಕೆ ಐದಾರು ಸಲ ಸ್ಕೀಯಿಂಗ್‌ಗೆ ಅಂತ ಹೋಗುವವರಾದರೆ ವಜ್ರಾಕಾರದ್ದಕ್ಕೆ ಖರ್ಚು ಮಾಡಿ ಅನ್ನುತ್ತಿದ್ದೆ. ಒಂದು ಸಲ ಹಿಮ ನೋಡಿ ಬರುವವರಿಗೆ ಕೇಬಲ್ ಸಾಕು.

ಬಟ್ಟೆ ಸಾಕ್ಸ್ ಮೋಸ ಅಲ್ಲ. ನಾರ್ವೆಯ ಆಟೋಸಾಕ್ ಇದರಲ್ಲಿ ಹೆಸರುವಾಸಿ. ನೇಯ್ದ ಬಟ್ಟೆ ಹಿಮವನ್ನೂ ಐಸನ್ನೂ ರಬ್ಬರಿಗಿಂತ ಚೆನ್ನಾಗಿ ಹಿಡಿಯುತ್ತದೆ. ಹಾಕುವುದು ನಿಜಕ್ಕೂ ಸುಲಭ: ಮೇಲಿನ ಅರ್ಧಕ್ಕೆ ತೊಡಿಸಿ, ಕಾರನ್ನು ಅರ್ಧ ಸುತ್ತು ಮುಂದೆ ಬಿಟ್ಟು, ಉಳಿದದ್ದನ್ನು ಎಳೆದುಬಿಟ್ಟರೆ ಆಯಿತು. ಓಡುವಾಗ ಅದೇ ಸರಿಯಾಗಿ ಕೂತುಕೊಳ್ಳುತ್ತದೆ. ಬ್ರೇಕ್ ಪೈಪಿಗೆ ತಾಗುವ ಭಯ ಇಲ್ಲ, ಸದ್ದೂ ಇಲ್ಲ. ಕೊಲೊರಾಡೊ ರಾಜ್ಯದ ನಿಯಮ ಅದನ್ನು ಚೈನಿನ ಬದಲಿಗೆ ಒಪ್ಪುತ್ತದೆ. ಆದರೆ ಟಾಹೋ ದಾರಿಗೆ ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ಸಿಯೆರಾ ಬೆಟ್ಟದ ಹಿಮ ಒದ್ದೆ, ಭಾರ. ಸ್ಥಳೀಯರು ಅದನ್ನು ಸಿಯೆರಾ ಸಿಮೆಂಟ್ ಅಂತಲೇ ಕರೆಯುತ್ತಾರೆ. ಹಿಮ ತಳ್ಳುವ ಗಾಡಿಗಳು ಓಡಾಡುತ್ತಲೇ ಇರುವುದರಿಂದ ರಸ್ತೆಯಲ್ಲಿ ಅರ್ಧ ಮೈಲಿ ಹಿಮ, ಅರ್ಧ ಮೈಲಿ ಬರಿ ಡಾಂಬರು, ಮತ್ತೆ ಕೊಚ್ಚೆ ಹಿಮ. ಬರಿ ಡಾಂಬರಿನ ಮೇಲೆ ಬಟ್ಟೆ ಬೇಗ ಹರಿಯುತ್ತದೆ. ಪ್ರತಿ ಸಲ ಇಳಿದು ತೆಗೆದು ಹಾಕಲು ಆಗುತ್ತದೆಯೇ? ಮ್ಯಾನ್ಯುಯಲ್ ಚೈನ್ ಬೇಡ ಅಂದ ಕಾರಿಗೆ ಮಾತ್ರ ನಾನು ಸಾಕ್ಸ್ ಹೇಳುವುದು. ಆಗಲೂ ಕಾರಿನ ಕಂಪನಿ ಒಪ್ಪಿದ್ದು, ಒಳ್ಳೆಯ ಹೆಸರಿನದು ತಗೊಳ್ಳಿ.

ಅಗ್ಗಕ್ಕೆ ಸಿಗುವ ಇನ್ನೆರಡು ಸಾಮಾನಿನಿಂದ ದೂರ ಇರಿ. ಒಂದು, ರಿಮ್ಮಿನ ಸಂದಿನಲ್ಲಿ ತೂರಿಸಿ ಬಿಗಿಯುವ ಪ್ಲಾಸ್ಟಿಕ್ ಪಟ್ಟಿಗಳು. ಕ್ಯಾಲಿಫೋರ್ನಿಯಾದ ವಾಹನ ಕಾಯ್ದೆಯ ಪ್ರಕಾರ ಹಿಡಿತದ ಸಾಧನ ಎಳೆತವನ್ನಷ್ಟೇ ಅಲ್ಲ, ಬ್ರೇಕನ್ನೂ ತಿರುವಿನ ಹಿಡಿತವನ್ನೂ ಸುಧಾರಿಸಬೇಕು, ಕಳಚಿ ಬೀಳದಷ್ಟು ಗಟ್ಟಿ ಇರಬೇಕು, ಮಾಡಿದವರ ಹೆಸರೋ ಗುರುತೋ, ಜೊತೆಗೆ ಮಾಡಿದ ದೇಶದ ಹೆಸರೂ ಅದರ ಮೇಲೆ ಅಳಿಸದಂತೆ ಅಚ್ಚಾಗಿರಬೇಕು. ಹೆಸರಿಲ್ಲದ ಆ ಪಟ್ಟಿಗಳು ಚೆಕ್‌ಪಾಯಿಂಟಿನಲ್ಲಿ ನಿಲ್ಲುವುದಿಲ್ಲ. ಪಾರ್ಕಿಂಗ್ ಜಾಗದ ಹಿಮದಲ್ಲಿ ಸಿಕ್ಕಿಕೊಂಡ ಕಾರನ್ನು ಹೊರಗೆ ತರಲು ಬಳಸಿದರೆ ಬಳಸಿ. ಇನ್ನೊಂದು, ಟೈರಿಗೆ ಹೊಡೆಯುವ ಸ್ಪ್ರೇ. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಎಲ್ಲಿ ಕೊಳ್ಳಬೇಕು? ಊರಿನಲ್ಲೇ, ಈಗಲೇ. ಬೆಟ್ಟದ ಬುಡಕ್ಕೆ ಹೋದ ಹಾಗೆ ಬೆಲೆ ಏರುತ್ತದೆ, ನಿಮ್ಮ ಅಳತೆ ಖಾಲಿಯಾಗಿರುತ್ತದೆ. ಕೆಲವು ಟೈರ್ ಅಂಗಡಿಗಳು ಬಳಸದ ಚೈನನ್ನು ಸೀಸನ್ ಮುಗಿದ ಮೇಲೆ ವಾಪಸ್ ತಗೊಳ್ಳುತ್ತವೆ. ಬಿಲ್ ಇಟ್ಟುಕೊಳ್ಳಿ. ಹಾಗಂತ ಡಬ್ಬಿಯನ್ನು ಒಡೆಯದೇ ಟ್ರಂಕಿನಲ್ಲಿಟ್ಟುಕೊಂಡು ಹೋಗಬೇಡಿ. ವಾಪಸ್ ಕೊಡುವ ಆಸೆಗಿಂತ ಮನೆಯ ಮುಂದೆ ಒಂದು ಸಲ ಹಾಕಿ ನೋಡುವುದು ದೊಡ್ಡದು.

ಹಾಕುವುದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾರನ್ನು ಪಾರ್ಕ್‌ನಲ್ಲಿಟ್ಟು, ಪಾರ್ಕಿಂಗ್ ಬ್ರೇಕ್ ಎಳೆದು, ಪವರ್ ಪೂರ್ತಿ ಆಫ್ ಮಾಡಿ. ಹೈಬ್ರಿಡ್ ಸದ್ದಿಲ್ಲದೆ ಆನ್ ಇರುತ್ತದೆ, ಡ್ಯಾಶ್‌ಬೋರ್ಡ್ ನೋಡಿ ಖಚಿತ ಮಾಡಿಕೊಳ್ಳಿ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದ ಹಿಂಬದಿಗೆ ಕೈ ಹೋಗಲು ಜಾಗ ಸಿಗುತ್ತದೆ. ಕೇಬಲನ್ನು ನೆಲದ ಮೇಲೆ ಹರಡಿ ಸಿಕ್ಕು ಬಿಡಿಸಿ. ಕೊಕ್ಕೆಯ ಬಾಯಿ ಟೈರಿನ ಕಡೆಗೆ ಇರಬಾರದು, ನುಣುಪಾದ ಬೆನ್ನು ರಬ್ಬರಿಗೆ ತಾಗಬೇಕು. ಮೇಲಿನಿಂದ ಟೈರಿಗೆ ಹೊದಿಸಿ. ಮೊದಲು ಒಳಗಡೆಯ ಕೊಕ್ಕೆ. ಇದೇ ಕಷ್ಟದ ಕೆಲಸ, ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಒಂದು ಕೈಯನ್ನು ಚಕ್ರದ ಹಿಂದೆ ತೂರಿಸಿ, ಕೆನ್ನೆ ಫೆಂಡರಿಗೆ ತಾಗಿಸಿ, ಬೆರಳಿನ ಸ್ಪರ್ಶದಲ್ಲೇ ಎರಡು ತುದಿ ಹುಡುಕಿ ಸೇರಿಸಬೇಕು. ಒಣಗಿದ ಡ್ರೈವ್‌ವೇನಲ್ಲಿ ಇದು ಎರಡು ನಿಮಿಷದ ಮಾತು. ಕತ್ತಲಲ್ಲಿ, ಕರಗಿದ ಹಿಮದ ನೀರಿನಲ್ಲಿ ಮೊಣಕಾಲೂರಿ, ಪಕ್ಕದಲ್ಲಿ ಲಾರಿಗಳು ಹೋಗುತ್ತಿರುವಾಗ, ಬೆರಳು ಮರಗಟ್ಟಿದಾಗ ಅದೇ ಕೊಕ್ಕೆ ಸಿಕ್ಕುವುದೇ ಇಲ್ಲ. ಅದಕ್ಕೇ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡಿ ಅನ್ನುವುದು. ಒಳಗಿನದು ಆದ ಮೇಲೆ ಹೊರಗಿನ ಕೊಕ್ಕೆ ಹಾಕಿ, ರಬ್ಬರ್ ಬಿಗಿಪಟ್ಟಿಯನ್ನು ಅಲ್ಲಲ್ಲಿ ಸಿಕ್ಕಿಸಿ. ಹೊರಟು ನೂರಿನ್ನೂರು ಮೀಟರ್ ಹೋದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಓಡುತ್ತಾ ಅದು ಸಡಿಲ ಆಗಿಯೇ ಆಗುತ್ತದೆ. ಟಪ್ ಟಪ್ ಟಪ್ ಅಂತ ಫೆಂಡರಿನ ಒಳಗೆ ಹೊಡೆಯುವ ಸದ್ದು ಕೇಳಿದರೆ ಯಾವುದೋ ತುದಿ ಬಿಚ್ಚಿದೆ ಅಂತಲೇ ಅರ್ಥ. ರೇಡಿಯೋ ಜೋರು ಮಾಡಬೇಡಿ, ನಿಲ್ಲಿಸಿ.

ರಬ್ಬರ್ ಕೈಗವಸು, ತಲೆಗೆ ಕಟ್ಟುವ ಟಾರ್ಚ್, ಮೊಣಕಾಲಿಗೆ ಹಳೆ ಯೋಗ ಮ್ಯಾಟು, ಸಣ್ಣ ಸಲಿಕೆ: ಇವು ಚೈನಿನ ಚೀಲದಲ್ಲೇ ಇರಲಿ. ಉಣ್ಣೆಯ ಕೈಗವಸು ಒಂದೇ ನಿಮಿಷದಲ್ಲಿ ಒದ್ದೆಯಾಗುತ್ತದೆ.

ಚೆಕ್‌ಪಾಯಿಂಟಿಗೆ ಸುಮಾರು ಒಂದು ಮೈಲಿ ಮೊದಲೇ ಬೋರ್ಡ್ ಹಾಕಿರುತ್ತಾರೆ. ಬಲಗಡೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಲೇನಿನಲ್ಲಿ ಅಲ್ಲ. ಅಲ್ಲಿ ನಂಬರ್ ಇರುವ ಬ್ಯಾಡ್ಜ್ ತೊಟ್ಟ ಚೈನ್ ಹಾಕುವವರು ಇರುತ್ತಾರೆ. ಅವರು ಅನುಮತಿ ಪಡೆದ ಸ್ವತಂತ್ರ ಕೆಲಸಗಾರರು, ಕ್ಯಾಲ್‌ಟ್ರಾನ್ಸ್ ನೌಕರರಲ್ಲ. ದುಡ್ಡು ತಗೊಂಡು ಹಾಕಿಕೊಡುತ್ತಾರೆ, ಆದರೆ ಚೈನ್ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ರಶೀದಿ ಕೇಳಿ, ಅದರ ಮೇಲೆ ಬ್ಯಾಡ್ಜ್ ನಂಬರ್ ಬರೆಸಿಕೊಳ್ಳಿ. ವಯಸ್ಸಾದ ಅಪ್ಪ ಅಮ್ಮ ಕಾರಿನಲ್ಲಿದ್ದು ಮಳೆ ಹಿಮ ಸುರಿಯುತ್ತಿದ್ದರೆ ಸಂಕೋಚ ಬಿಟ್ಟು ಚೈನನ್ನು ಆ ಕೆಲಸಗಾರರ ಕೈಗೇ ಕೊಡಿ.

ಹಾಕಿಕೊಂಡ ಮೇಲೆ ವೇಗ 25 ಅಥವಾ 30 ಮೈಲಿ, ಬೋರ್ಡ್ ಹೇಳಿದಷ್ಟೇ. ಇಲ್ಲಿ ಒಂದು ಸೂಕ್ಷ್ಮ ಇದೆ. ಚೈನ್ ಮುಂದಿನ ಚಕ್ರಕ್ಕೆ ಮಾತ್ರ. ಮುಂದೆ ಭಾರೀ ಹಿಡಿತ, ಹಿಂದೆ ಬರೀ ಟೈರ್. ಇಳಿಜಾರಿನ ತಿರುವಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಮುಂಭಾಗ ನಿಲ್ಲುತ್ತದೆ, ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ಕಾರು ಸುತ್ತಿಬಿಡಬಹುದು. ಮುಂದೆ ಹಾಕುವ ಚೈನ್ ಎಷ್ಟು ಬಲವೋ, ಹಿಂದಿನ ಎರಡು ಟೈರ್ ಅಷ್ಟೇ ಚೆನ್ನಾಗಿರಬೇಕು ಅಂತ ನಾನು ಟೈರಿನ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ. ಎಷ್ಟೋ ಜನ ಹಳೆ ಟೈರನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಹಾಕಿಸುತ್ತಾರೆ. ಹಿಮದ ದಾರಿಗೆ ಅದು ತಪ್ಪು.

ಇಳಿಯುವ ವಿದ್ಯೆ ಅಪ್ಪನಿಗೆ ಗೊತ್ತೇ ಇರುತ್ತದೆ. ಆಗುಂಬೆ ಘಾಟಿ ಇಳಿಯುವವರು ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಇಳಿಯುವುದಿಲ್ಲ, ಗೇರ್ ಇಳಿಸಿ ಎಂಜಿನ್ನಿನ ತಡೆಯಲ್ಲಿ ಇಳಿಯುತ್ತಾರೆ. ಇಲ್ಲೂ ಹಾಗೇ. ನಿಮ್ಮ ಲಿವರಿನಲ್ಲಿ ಬಿ ಅಥವಾ ಎಸ್ ಇದ್ದರೆ ಇಳಿಜಾರು ಶುರುವಾಗುವ ಮೊದಲೇ ಅದಕ್ಕೆ ಹಾಕಿ. ನಡುವೆ ಜಾರುತ್ತಿರುವಾಗ ಹಾಕಿದರೆ ಮುಂದಿನ ಚಕ್ರಕ್ಕೆ ಜರ್ಕ್ ಹೊಡೆದು ಹಿಡಿತ ತಪ್ಪಬಹುದು. ಬ್ರೇಕ್ ಪೆಡಲ್ ಗಡಗಡ ಅಂದರೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುತ್ತಿದೆ ಅಂತ, ಹೆದರಿ ಕಾಲು ಎತ್ತಬೇಡಿ. ಏರಿನಲ್ಲಿ ಚಕ್ರ ಸುತ್ತಿ ಕಾರು ಕದಲದಿದ್ದರೆ ಚಕ್ರ ಸುಮ್ಮನೆ ಸುತ್ತದಂತೆ ಬಲ ತಗ್ಗಿಸುವ ಟ್ರಾಕ್ಷನ್ ಕಂಟ್ರೋಲ್ ಸ್ವಲ್ಪ ಹೊತ್ತು ಆಫ್ ಮಾಡಿ, ಸಲಿಕೆಯಿಂದ ಚಕ್ರದ ಮುಂದಿನ ಹಿಮ ತೆಗೆದು ಮೆಲ್ಲಗೆ ಪ್ರಯತ್ನಿಸಿ. ತಿಳಿ ಆಕಾಶದ ಬೆಳಿಗ್ಗೆಯನ್ನೂ ನಂಬಬೇಡಿ. ಹಗಲು ಕರಗಿದ ನೀರು ರಾತ್ರಿ ಗಟ್ಟಿಯಾಗಿ, ಮರದ ನೆರಳಿನಲ್ಲಿ, ಸೇತುವೆ ಮೇಲೆ ಕಣ್ಣಿಗೆ ಕಾಣದ ಐಸ್ ಆಗಿರುತ್ತದೆ. ಐಸ್ ತುಂಬ ಜಾರುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಮೇಲೆ ನೀರಿನ ಪದರ ಇರುವಾಗ.

ಹೆದ್ದಾರಿ ಮುಚ್ಚಿ ಗಂಟೆಗಟ್ಟಲೆ ನಿಂತುಬಿಟ್ಟರೆ ಹೀಟರ್ ಹಾಕಿಕೊಂಡು ಕೂರುವ ಮೊದಲು ಇಳಿದು ಸೈಲೆನ್ಸರ್ ಬಾಯಿ ನೋಡಿ. ಅದು ಹಿಮದಲ್ಲಿ ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ತುಂಬುತ್ತದೆ. ವಾಸನೆ ಬರುವುದಿಲ್ಲ. ಇದನ್ನು ಮನೆಯವರಿಗೆಲ್ಲ ಹೇಳಿಡಿ.

ಹೊರಡುವ ಬೆಳಿಗ್ಗೆ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ಆ್ಯಪ್ ತೆರೆದು ಚೈನ್ ಕಂಟ್ರೋಲ್ ಎಲ್ಲಿದೆ ಅಂತ ನೋಡಿ, ಹೊರಟ ಮೇಲೆ ಗ್ಯಾಸ್ ಹಾಕಿಸುವಾಗ ಇನ್ನೊಮ್ಮೆ ನೋಡಿ. ಹಂತ ಬದಲಾಗುತ್ತಲೇ ಇರುತ್ತದೆ. ಟೈರಿನ ಗಾಳಿಯನ್ನೂ ಹೊರಡುವ ಮೊದಲು ನೋಡಿ. ಪ್ರತಿ 5-6 ಡಿಗ್ರಿ ಸೆಲ್ಸಿಯಸ್ ಚಳಿ ಇಳಿದ ಹಾಗೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಚೈನ್ ಹಾಕಲು ಸುಲಭ ಆಗಲಿ ಅಂತ ಗಾಳಿ ಬಿಡುವವರಿದ್ದಾರೆ, ಅದು ಬೇಡ. ಟಾಹೋ ಬದಲು ಯೊಸೆಮಿಟಿಗೆ ಹೋದರೂ ಇದೆಲ್ಲ ಅನ್ವಯ. ಅಲ್ಲೂ ಚಳಿಗಾಲದಲ್ಲಿ ಚೈನ್ ಕಂಟ್ರೋಲ್ ಬಂದರೆ ಎಡಬ್ಲ್ಯೂಡಿ ಇದ್ದರೂ ಗಾಡಿಯಲ್ಲಿ ಚೈನ್ ಇರಬೇಕು.

ಉಳಿದದ್ದು ಬಾಡಿಗೆ ಎಸ್‌ಯುವಿಯ ಮಾತು. ಎಡಬ್ಲ್ಯೂಡಿ ಬಾಡಿಗೆಗೆ ತಗೊಳ್ಳುವುದು ತಪ್ಪಲ್ಲ, ಅಮ್ಮನಿಗೆ ಹತ್ತಿ ಇಳಿಯಲೂ ಎತ್ತರದ ಸೀಟು ಆರಾಮ. ಆದರೆ ಬುಕ್ ಮಾಡುವ ಮೊದಲು ಎರಡು ವಿಷಯ ಬಿಡಿಸಿ ಕೇಳಿ. ಟೈರಿನ ಮೇಲೆ ಎಂ+ಎಸ್ ಇದೆಯಾ, ಗೀರು ಸವೆದಿಲ್ಲ ತಾನೇ? ಇಲ್ಲದಿದ್ದರೆ ಆರ್-2ರಲ್ಲಿ ಆ ಎಡಬ್ಲ್ಯೂಡಿಗೂ ವಿನಾಯಿತಿ ಇಲ್ಲ. ಎರಡನೆಯದು, ಚೈನ್ ಹಾಕಲು ಬಿಡುತ್ತಾರಾ? ಬಾಡಿಗೆ ಕರಾರುಗಳಲ್ಲಿ ಚೈನ್ ಹಾಕಬಾರದು ಅನ್ನುವ ಸಾಲು ಸಾಮಾನ್ಯ. ಗಾಡಿಗೆ ಗೀರು ಬಿದ್ದರೆ ಖರ್ಚು ನಿಮ್ಮ ತಲೆಗೇ. ಹಾಕಬಾರದು ಅಂದರೆ, ಗಾಡಿಯಲ್ಲಿ ಚೈನ್ ಇರಲೇಬೇಕು ಅನ್ನುವ ನಿಯಮಕ್ಕೂ ಆ ಕರಾರಿಗೂ ನಡುವೆ ನೀವು ಸಿಕ್ಕಿಕೊಳ್ಳುತ್ತೀರಿ. ಎರಡಕ್ಕೂ ಒಳ್ಳೆಯ ಉತ್ತರ ಬಂದರೆ ಬಾಡಿಗೆ ಗಾಡಿ ತಗೊಳ್ಳಿ. ಬರದಿದ್ದರೆ ನಿಮ್ಮ ಕ್ಯಾಮ್ರಿ, ಅದಕ್ಕೆ ಅಳತೆಯ ಕೇಬಲ್, ಜೊತೆಗೆ ತಿಳಿ ಹವೆ ಇರುವ ದಿನ ನೋಡಿ ಬುಕ್ ಮಾಡಿದ ರೂಮು. ಅದನ್ನು ರದ್ದು ಮಾಡುವ ಅವಕಾಶ ಇರುವಂಥ ದರದಲ್ಲೇ ಬುಕ್ ಮಾಡಿ.